ಮೇಲೆಂದರೆ ಉತ್ತರವೆ?

"ಉತ್ತರ ದಿಕ್ಕು ಎಲ್ಲಿದೆ, ತೋರಿಸು" ಎಂದೆ. ನನ್ನ ತಂಗಿಯ ಮಗಳು, ಎಂಟು ವರ್ಷದ ಹುಡುಗಿ, ಒಂದು ಕ್ಷಣವೂ ಅನುಮಾನಿಸದೆ ಮನೆಯ ಮಾಡಿನ ಕಡೆಗೆ ಬೆರಳೆತ್ತಿ, "ಮೇಲೆ, ಮಾವ" ಎಂದಳು.

ನಗಬೇಕೆನಿಸಿತು. ಆದರೆ ಗೋಡೆಯ ಕಡೆ ನೋಡಿದ ಮೇಲೆ ನಗು ಬರಲಿಲ್ಲ. ಅಲ್ಲಿ ಕರ್ನಾಟಕದ ಭೂಪಟವೊಂದು ತೂಗುತ್ತಿತ್ತು. ಬೀದರು ತೊಲೆಯ ಸಮೀಪ, ಚಾಮರಾಜನಗರ ನೆಲದ ಸಮೀಪ. ಆ ಗೋಡೆಯನ್ನೇ ನಂಬಿ ಕಲಿತ ಮಗು ಇನ್ನೇನು ತಾನೇ ಹೇಳೀತು? ತಪ್ಪಿದ್ದರೆ ಅದು ಮಗುವಿನದಲ್ಲ, ಗೋಡೆಯದು. ಗೋಡೆಗೆ ಭೂಪಟವನ್ನು ತೂಗುಹಾಕಿ ಪಾಠ ಮುಗಿಯಿತೆಂದುಕೊಳ್ಳುವ ನಮ್ಮಂಥ ಉಪಾಧ್ಯಾಯರದು. ಮಲೆನಾಡಿನ ಮಗುವಿಗಂತೂ 'ಮೇಲೆ' ಎಂಬ ಮಾತಿಗೆ ಬೇರೊಂದು ಖಚಿತವಾದ ಅರ್ಥವೇ ಉಂಟು. ಮೇಲಿನ ಮನೆ, ಕೆಳಗಿನ ಮನೆ, ಮೇಲಿನ ತೋಟ, ಕೆಳಗಿನ ಗದ್ದೆ, ಘಟ್ಟದ ಮೇಲೆ, ಘಟ್ಟದ ಕೆಳಗೆ: ನಮ್ಮವರ ಭೂಗೋಳವೆಲ್ಲ ಈ ಎರಡು ಮಾತುಗಳಲ್ಲಿಯೇ ಅಡಕವಾಗಿದೆ. ತಂಗಿಯ ಮನೆಯವರು 'ಮೇಲಿನ ಮನೆ' ಎಂದು ಕರೆಯುವ ದಾಯಾದಿಗಳ ಮನೆಯಾದರೋ ಇರುವುದು ನೇರ ದಕ್ಷಿಣಕ್ಕೆ!

ಈ ಪಾಠಕ್ಕೆ ನಾನು ಸಿಕ್ಕಿಕೊಂಡ ಬಗೆಯನ್ನು ಹೇಳಬೇಕು. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಎರಡು ಮೈಲಿ ಒಳಗೆ, ತಂಗಿಯ ಮನೆಯವರ ಕಾಫಿ ತೋಟವಿದೆ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದವು. ಪಟ್ಟಣದ ಮಕ್ಕಳು ದೂರವಾಣಿಯ ಪರದೆಯಲ್ಲಿ ಪಾಠ ಕೇಳಿದರೆ, ಇಲ್ಲಿಯ ಮಕ್ಕಳಿಗೆ ಆ ಭಾಗ್ಯವೂ ಇರಲಿಲ್ಲ. ಸಂಕೇತ ಸಿಕ್ಕುತ್ತಿದ್ದುದು ಗೇಟಿನ ಬಳಿಯ ಹಲಸಿನ ಮರದ ಬುಡದಲ್ಲಿ ಮಾತ್ರ, ಅದೂ ಮಳೆ ಬಿಟ್ಟಾಗ. ಆ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ'ವೆಂಬ ಯೋಜನೆಯನ್ನು ತಂದು ಉಪಾಧ್ಯಾಯರನ್ನೇ ವಠಾರಗಳಿಗೆ ಕಳುಹಿಸಿತು. ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆ ತೆರೆದದ್ದು ೨೦೨೧ರ ಅಕ್ಟೋಬರ್ ೨೫ರಂದು. ಅಷ್ಟರಲ್ಲಿ ತಂಗಿ ಮಕ್ಕಳಿಗೆ ತಾನೇ ಪಾಠ ಹೇಳುವುದನ್ನು ರೂಢಿಸಿಕೊಂಡಿದ್ದಳು. ಶಾಲೆ ತೆರೆದ ಮೇಲೆಯೂ ಎರಡು ವರ್ಷ ಬಿಡಲಿಲ್ಲ. "ಅಣ್ಣ, ಕನ್ನಡ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ನೀನು ಶನಿವಾರ ಬಂದು ಭೂಗೋಳ ಹೇಳಿಕೊಡು" ಎಂದಳು. ಕನ್ನಡದ ಎಂ.ಎ. ಮಾಡಿ ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಅಣ್ಣನಿಗೆ ತಂಗಿ ಕೊಟ್ಟ ಮರ್ಯಾದೆ ಇದು!

ಹೀಗೆ ಶನಿವಾರ ಮಧ್ಯಾಹ್ನ ಚಿಕ್ಕಮಗಳೂರಿನಿಂದ ಬಸ್ಸು ಹತ್ತುವುದು, ಭಾನುವಾರ ಸಂಜೆ ಹಿಂದಿರುಗುವುದು ನನ್ನ ನೇಮವಾಯಿತು. ಶಿಷ್ಯರು ಐವರು. ತಂಗಿಯ ಮಗಳು, ಅವಳ ಅಣ್ಣ, ಹತ್ತು ವರ್ಷದವನು, ಲೈನ್ ಮನೆಯ ಇಬ್ಬರು ಮಕ್ಕಳು, ಮತ್ತೆ ಪಕ್ಕದ ತೋಟದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದ ಒಬ್ಬ ಹುಡುಗ. ಈ ಹುಡುಗನ ಮಾತನ್ನು ಮುಂದೆ ಹೇಳುತ್ತೇನೆ.

ಮನೆಯ ಪಾಠವೆಂದರೆ ಇಂದಿಗೂ ಜನ ಹುಬ್ಬೇರಿಸುತ್ತಾರೆ. ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕರ ಮಗುವಿಗೆ ನೆರೆಹೊರೆಯ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆಯೇ ಹೊರತು ಮನೆಯ ಪಾಠಕ್ಕೆ ಬೇರೆ ಹೆಸರನ್ನು ಇಟ್ಟಿಲ್ಲ. ಆದರೆ ಘಟ್ಟದ ಕೆಳಗೆ ಪುತ್ತೂರಿನಲ್ಲಿ ಈ ಪ್ರಯೋಗ ಎಂದೋ ನಡೆದಿತ್ತು. ಶಿವರಾಮ ಕಾರಂತರು ತಮ್ಮ ಮಕ್ಕಳಿಗೆ ಮೊದಲ ವರ್ಷಗಳ ಪಾಠವನ್ನು ಮನೆಯಲ್ಲಿಯೇ ಹೇಳಿದರು. 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ೧೯೩೬ರಷ್ಟು ಹಿಂದೆಯೇ ಬರೆದ ಕೈಗೆ ಅದು ಅಸಾಧ್ಯವಾಗಿ ತೋರದಿದ್ದುದು ಆಶ್ಚರ್ಯವಲ್ಲ. ಹಾಗೆ ಕಲಿತ ಅವರ ಮಗ ಉಲ್ಲಾಸ ಕಾರಂತರು ಮುಂದೆ ನಾಗರಹೊಳೆಯ ಕಾಡಿನಲ್ಲಿ ಹುಲಿಗಳ ಜಾಡು ಹಿಡಿದು ಲೆಕ್ಕ ಮಾಡುವ ವಿಜ್ಞಾನಿಯಾದರು. ಎಲ್ಲರೂ ಕಾರಂತರಲ್ಲ, ನಿಜ. ನಾನಂತೂ ಅಲ್ಲವೇ ಅಲ್ಲ. ಆದರೂ ಆ ನೆನಪು ಧೈರ್ಯ ಕೊಟ್ಟಿತು.

ಮೊದಲು ಮಾಡಿದ ಕೆಲಸ ಭೂಪಟವನ್ನು ಗೋಡೆಯಿಂದ ಇಳಿಸಿ ಜಗಲಿಯ ನೆಲದ ಮೇಲೆ ಹಾಸಿದ್ದು. ಹಾಸಿದ ಕೂಡಲೆ ಉತ್ತರ 'ಮೇಲೆ' ಇರುವುದನ್ನು ಬಿಟ್ಟಿತು. ಇನ್ನು ಅದನ್ನು ಎತ್ತ ತಿರುಗಿಸಬೇಕು? ಸೂರ್ಯನನ್ನು ಕೇಳಿ ಎನ್ನುತ್ತದೆ ಪುಸ್ತಕ. ಆಷಾಢದಲ್ಲಿ ಕೊಟ್ಟಿಗೆಹಾರದ ಆಸುಪಾಸಿನಲ್ಲಿ ಸೂರ್ಯನನ್ನು ಹುಡುಕಿಕೊಂಡು ಹೋಗುವುದಕ್ಕೆ ಕಡೂರಿನ ಬಸ್ಸನ್ನೇ ಹತ್ತಬೇಕು! ದಿಕ್ಸೂಚಿಯನ್ನು ತರಲೆಂದುಕೊಂಡಿದ್ದೆ, ಮರೆತುಬಂದಿದ್ದೆ. ಆಗ ಲೈನ್ ಮನೆಯ ಹುಡುಗಿಯೊಬ್ಬಳು, "ತಟ್ಟಿ ಕಟ್ಟಿದ ಕಡೆ ಪಡುವಲು" ಎಂದಳು. ಎಂಥ ಮಾತು! ಮುಂಗಾರಿನ ಇರಚಲು ಬಡಿಯುವುದು ಪಡುವಣದಿಂದ. ಮಳೆಗಾಲಕ್ಕೆ ಮುನ್ನ ಸೋಗೆಯ ತಟ್ಟಿಯನ್ನು ಕಟ್ಟುವುದೂ ಅದೇ ದಿಕ್ಕಿಗೆ. ಅದನ್ನು ಕೇಳಿ ಒಳಗಿನಿಂದ ತಂಗಿಯ ಅತ್ತೆ, "ಉತ್ತರ ಬೇಕಾದರೆ ನನ್ನ ಮಂಚ ನೋಡಿ. ನಾನು ಆ ಕಡೆ ತಲೆ ಹಾಕುವುದಿಲ್ಲ" ಎಂದರು. ತಟ್ಟಿ, ಮಂಚ ಎರಡೂ ಒಂದನ್ನೊಂದು ಸಮರ್ಥಿಸಿದವು. ಮುಂದಿನ ವಾರ ತಂದ ದಿಕ್ಸೂಚಿಯೂ ಅವುಗಳ ಮಾತನ್ನೇ ಹೇಳಿತು. ಮೂಡಣ, ಪಡುವಣ, ತೆಂಕಣ, ಬಡಗಣ ಎಂಬ ಪದಗಳನ್ನು ನಾನು ಹಳಗನ್ನಡದ ತರಗತಿಯಲ್ಲಿ ಅರ್ಥ ಬರೆಸುತ್ತಿದ್ದೆ. ಇಲ್ಲಿ ಅವು ಸೋಗೆಯ ವಾಸನೆಯೊಡನೆ ಬಂದವು.

ಅಳತೆಯ ಪಾಠಕ್ಕೆ ಬಾವಿಯ ಹಳೆಯ ಹಗ್ಗವನ್ನು ತೆಗೆದುಕೊಂಡೆವು. ಮೂವತ್ತಮೂರು ಅಡಿಗೆ ಕತ್ತರಿಸಿ, ಹದಿನಾರು ಸಮಭಾಗ ಮಾಡಿ, ಗಂಟು ಹಾಕಿದೆವು. ಈ ಉದ್ದದ ಚೌಕವೊಂದು ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. ಗುಂಟೆಗೆ ಹದಿನಾರು ಆಣೆ. ಪಹಣಿಯಲ್ಲಿ ಬರೆದ ಎಕರೆ, ಗುಂಟೆಗಳು ಎಂಥವೆಂದು ಮಕ್ಕಳು ನಡೆದು ಕಂಡರು. ಮನೆಯ ಅಂಗಳ ಮೂರು ಗುಂಟೆಯಾಗುತ್ತದೆಂದು ಭಾವನವರು ಬಹುಕಾಲದಿಂದ ಹೇಳಿಕೊಂಡು ಬಂದಿದ್ದರು. ಮಕ್ಕಳ ಹಗ್ಗಕ್ಕೆ ಅದು ಎರಡೂಕಾಲು ಗುಂಟೆಯಾಯಿತು. ಭಾವನವರು ಹಗ್ಗವನ್ನು ಅನುಮಾನಿಸಿದರು.

ಪ್ರಮಾಣವೆಂಬುದು ಇನ್ನೂ ಕಠಿನವಾದ ವಿಷಯ. ಒಂದು ಸೆಂಟಿಮೀಟರು ಅರ್ಧ ಕಿಲೋಮೀಟರಿಗೆ ಸಮ ಎಂದರೆ ಮಗು ತಲೆಯಾಡಿಸುತ್ತದೆ, ನಂಬುವುದಿಲ್ಲ. ಅದನ್ನು ಕಾಫಿ ಗಿಡ ಪರಿಹರಿಸಿತು. ಆ ತೋಟದ ರೊಬಸ್ಟಾ ಗಿಡಗಳು ಹತ್ತಡಿಗೊಂದರಂತೆ ನೆಟ್ಟವು. ಹತ್ತು ಗಿಡ ದಾಟಿದರೆ ನೂರಡಿ. ಮೊದಲ ನಕ್ಷೆಯಲ್ಲಿ ಹತ್ತು ಗಿಡಕ್ಕೆ ಒಂದು ಅಂಗುಲವೆಂದು ಇಟ್ಟುಕೊಂಡೆವು. ಮನೆ, ಕಣ, ಕೆರೆ, ಲೈನ್ ಮನೆ, ಗೇಟು ಎಲ್ಲ ಒಂದು ಹಾಳೆಗೆ ಹಿಡಿಸಿದವು. ಆ ಮೇಲೆ ಸರ್ವೆ ಇಲಾಖೆಯ ಐವತ್ತು ಸಾವಿರಕ್ಕೊಂದರ ಹಾಳೆಯನ್ನು ಹರಡಿ, "ಇದರ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಗಿಡ?" ಎಂದೆ. ಅಳಿಯ ಗುಣಿಸಿ ಭಾಗಿಸಿ, "ನೂರ ಅರುವತ್ತನಾಲ್ಕು ಗಿಡ, ಮಾವ" ಎಂದ. ಆ ಹೊತ್ತಿನಿಂದ ಆ ಹಾಳೆ ಅವನಿಗೆ ಚಿತ್ರವಾಗಿ ಉಳಿಯಲಿಲ್ಲ, ತೋಟವಾಯಿತು.

ಈ ಹಾಳೆಗಳ ಹಿಂದಿನ ಕಥೆಯನ್ನೂ ಹೇಳಿದೆ. ನಮ್ಮ ದೇಶದ ಸರ್ವೆ ಇಲಾಖೆ ಹುಟ್ಟಿದ್ದು ೧೭೬೭ರಲ್ಲಿ. ಟಿಪ್ಪು ಮಡಿದು ಮೂರೇ ವರ್ಷಕ್ಕೆ, ೧೮೦೨ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಏಳೂವರೆ ಮೈಲಿ ನೆಲವನ್ನು ಸರಪಳಿಯಿಂದ ಅಳೆದ. ಅದರ ಮೇಲೆ ತ್ರಿಕೋಣಗಳನ್ನು ಕಟ್ಟುತ್ತ ಮೈಸೂರು ಸೀಮೆಯನ್ನು ಹಾದು ಮಂಗಳೂರಿನ ಕಡಲ ದಂಡೆಯವರೆಗೆ ಬಂದ. ಅವನ ಕೋನಮಾಪಕವೊಂದೇ ಅರ್ಧ ಟನ್ನು ತೂಕ. ಅದನ್ನು ಬೆಟ್ಟಬೆಟ್ಟಕ್ಕೆ ಹೊತ್ತವರ ಹೆಸರುಗಳನ್ನು ಯಾವ ಹಾಳೆಯೂ ಹೇಳುವುದಿಲ್ಲ. ಅಳೆದಾಗ ಕಡಲಿನಿಂದ ಕಡಲಿಗೆ ಇದ್ದ ದೂರ ಸುಮಾರು ೩೬೦ ಮೈಲಿ. ಹಿಂದಿನ ಭೂಪಟಗಳು ತೋರಿಸಿದ್ದಕ್ಕಿಂತ ನಲವತ್ತು ಮೈಲಿ ಕಡಮೆ. "ಭಾವನವರ ಅಂಗಳದ ಹಾಗೆ" ಎಂದೆ, ಭಾವನವರು ನಗಲಿಲ್ಲ. ೨೦೧೭ರಲ್ಲಿ ಇಲಾಖೆಗೆ ೨೫೦ ವರ್ಷ ತುಂಬಿದಾಗ ಈ ಹಾಳೆಗಳನ್ನು ಜನಸಾಮಾನ್ಯರಿಗೂ ಅಂತರ್ಜಾಲದಲ್ಲಿ ಬಿಟ್ಟುಕೊಟ್ಟರು. ಆ ಏರ್ಪಾಟಿಗೆ ಅವರು ಇಟ್ಟ ಹೆಸರೇ 'ನಕ್ಷೆ'.

ನಾನು ಕನ್ನಡದವನಾದುದರಿಂದ ನನ್ನ ಚಪಲವನ್ನೂ ಒಂದಿಷ್ಟು ತೀರಿಸಿಕೊಂಡೆ. ಭಾವನವರ ಪೆಟ್ಟಿಗೆಯಿಂದ ಹಳೆಯ ಕ್ರಯಪತ್ರವೊಂದನ್ನು ತೆಗೆಸಿ ಅದರ ಚಕ್ಕುಬಂದಿಯನ್ನು ಓದಿಸಿದೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಕಾಡು, ದಕ್ಷಿಣಕ್ಕೆ ಇಂಥವರ ತೋಟ, ಉತ್ತರಕ್ಕೆ ಗಾಡಿ ದಾರಿ. ಗೆರೆಯಿಲ್ಲದ ನಕ್ಷೆಯಲ್ಲವೆ ಇದು? ಮಕ್ಕಳು ಈ ನಾಲ್ಕು ಸಾಲುಗಳನ್ನು ಹಿಡಿದುಕೊಂಡು ಬಾಂದುಕಲ್ಲುಗಳನ್ನು ಹುಡುಕಲು ಹೊರಟರು. ಮೂರು ಸಿಕ್ಕಿದವು, ನಾಲ್ಕನೆಯದರ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಿ. ಎಲ್. ರೈಸರು ೧೯೦೧ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯದು, ಎಂದರೆ ನಮ್ಮದೇ ಜಿಲ್ಲೆಯದು. ದತ್ತಿಯ ಭೂಮಿಗೆ ಚತುಸ್ಸೀಮೆಯನ್ನು ಹೇಳುವ ಪದ್ಧತಿ ಅದರೊಳಗಿನ ಶಾಸನಗಳಲ್ಲಿಯೂ ಇದೇ. ಹಳ್ಳ, ಬಂಡೆ, ಮರ, ಕೆರೆಯ ಕೋಡಿ. ಶತಮಾನಗಳ ಹಿಂದೆ ಕಲ್ಲಿನ ಮೇಲೆ ಕೆತ್ತಿದವನು ನಮ್ಮ ಮಕ್ಕಳಂತೆಯೇ ನಡೆದು ನೋಡಿ ಕೆತ್ತಿಸಿದನು. ಊರ ಹೆಸರುಗಳನ್ನೂ ಹೀಗೆಯೇ ಬಿಡಿಸಿದೆವು. ಹಡ್ಲು ಎಂದರೆ ನೀರು ನಿಲ್ಲುವ ತಗ್ಗು. ಮಕ್ಕಿ ಎಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ. ಕಾನು ಎಂದರೆ ದಟ್ಟವಾದ ಹಸುರುಗಾಡು. ಕೊಡಿಗೆ ಎಂದರೆ ಯಾರೋ ಯಾರಿಗೋ ಬಿಟ್ಟುಕೊಟ್ಟ ನೆಲ. ಹೆಸರು ಬಲ್ಲವನಿಗೆ ಊರನ್ನು ಕಾಣುವ ಮೊದಲೇ ಅದರ ನೆಲ ತಿಳಿಯುತ್ತದೆ. ಈಗ ಕೈಯ ದೂರವಾಣಿಯ ನಕ್ಷೆಯನ್ನು ನಂಬಿ ಬರುವ ಪ್ರವಾಸಿಗಳಿಗೆ ಈ ವಿದ್ಯೆ ಬೇಡ. ಜಲಪಾತವನ್ನು ಹುಡುಕುತ್ತ ಬಂದ ಒಂದು ಕಾರು ನಾನಿದ್ದಾಗಲೇ ಭಾವನವರ ಕಾಫಿ ಕಣಕ್ಕೆ ಬಂದು ನಿಂತಿತು. ಚಾಲಕ ಕೆಳಗಿಳಿದು, "ಇಲ್ಲಿಯೇ ಎಂದು ತೋರಿಸುತ್ತಿದೆ" ಎಂದು ವಾದಕ್ಕೆ ನಿಂತ. ರೈಟರು ಅವನಿಗೆ ಕಾಫಿ ಕೊಟ್ಟು ಕಳುಹಿಸಬೇಕಾಯಿತು.

ನನಗೂ ಮಕ್ಕಳಿಗೂ ಅತ್ಯಂತ ಸುಖ ಕೊಟ್ಟ ಪಾಠ ನೀರಿನದು. ಮೂಡಿಗೆರೆಯ ಈ ಮೂಲೆಯ ಬೆಟ್ಟಗಳಲ್ಲಿ ನೀರಿನ ನ್ಯಾಯ ವಿಚಿತ್ರವಾದದ್ದು. ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಗೊರೂರಿನ ಅಣೆಕಟ್ಟನ್ನು ದಾಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಳಸವನ್ನು ಬಳಸಿ ಹರಿಯುವ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹಂಪೆಯನ್ನು ಹಾದು ಕೃಷ್ಣೆಗೆ ಹೋಗುತ್ತದೆ. ಗಂಗಾಮೂಲದಲ್ಲಿ ವರಾಹಸ್ವಾಮಿಯ ಕೋರೆಗಳಿಂದ ತುಂಗೆಯೂ ಭದ್ರೆಯೂ, ಕಣ್ಣಿನಿಂದ ನೇತ್ರಾವತಿಯೂ ಹುಟ್ಟಿದವೆಂದು ಪುರಾಣ. ಮೂರನೆಯವಳು ಮಾತ್ರ ಅಕ್ಕಂದಿರನ್ನು ಬಿಟ್ಟು ಪಡುಗಡಲಿಗೆ ಇಳಿದಳು. ಮನೆಯ ಹಿಂದಿನ ದಿಬ್ಬದ ಈಚೆಯ ನೀರು ಹೇಮಾವತಿಗೆ, ಆಚೆಯದು ಭದ್ರೆಗೆ ಎಂದು ಸರ್ವೆಯ ಹಾಳೆ ಹೇಳುತ್ತಿತ್ತು. ಮಕ್ಕಳು ನಂಬಲಿಲ್ಲ. ಜುಲೈ ತಿಂಗಳ ಒಂದು ಭಾನುವಾರ, ಕೊಪ್ಪೆ ಹಾಕಿಕೊಂಡು, ಕಾಲಿಗೆ ಉಪ್ಪು, ಸುಣ್ಣ ಹಚ್ಚಿಕೊಂಡು (ಜಿಗಣೆಗಳ ಭೂಗೋಳಜ್ಞಾನ ನಮ್ಮದಕ್ಕಿಂತ ಮೇಲು), ದಿಬ್ಬವನ್ನು ಹತ್ತಿದೆವು. ಬೆನ್ನಿನ ಮೇಲೆ ನಿಂತು ಆಚೆಗೊಂದು, ಈಚೆಗೊಂದು ಬಾಳೆಯ ಪಟ್ಟೆಯ ದೋಣಿಯನ್ನು ಬಿಟ್ಟೆವು. ನಡುವಣ ಅಂತರ ನಾಲ್ಕು ಮಾರು ಇರಬಹುದು. ಎರಡೂ ಬೇರೆ ಬೇರೆ ಹಳ್ಳ ಹಿಡಿದು ಮರೆಯಾದವು. "ಒಂದು ಹಂಪೆಗೆ, ಒಂದು ಶ್ರೀರಂಗಪಟ್ಟಣಕ್ಕೆ" ಎಂದು ತಂಗಿಯ ಮಗಳು ಕೂಗಿದಳು. ಅಳಿಯನಿಗೆ ಬೇರೊಂದು ಚಿಂತೆ. ಪಡುಗಡಲು ಇಲ್ಲಿಂದ ನೂರು ಕಿಲೋಮೀಟರೂ ಇಲ್ಲ. ಆದರೂ ಈ ಎರಡು ದೋಣಿಗಳೂ ಅದಕ್ಕೆ ಬೆನ್ನು ಹಾಕಿ ಮೂಡುಗಡಲಿಗೇ ಹೋಗುವುದೇಕೆ? ನಾನು ಉತ್ತರ ಹೇಳಲಿಲ್ಲ. ಮನೆಗೆ ಬಂದು ಹಾಳೆಯ ಮೇಲೆ ಘಟ್ಟದ ಅಂಚನ್ನು ಬೆರಳಿನಿಂದ ಎಳೆಯಿಸಿದೆ. ಗೋಡೆಯಂತೆ ಇಳಿಯುವ ಪಡುವಣ ಮುಖ, ನಿಧಾನವಾಗಿ ವಾಲುವ ಮೂಡಣ ಬೆನ್ನು. ಅವನೇ ಕಂಡುಕೊಂಡ.

ಮಳೆಯ ನಕ್ಷೆಯೊಂದನ್ನೂ ಮಾಡಿದೆವು. ನಮ್ಮ ಕಡೆ ತೋಟತೋಟಕ್ಕೂ ಮಳೆಯ ಲೆಕ್ಕವುಂಟು. ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ಮಕ್ಕಳು ಹಲಸಿನ ಮರದ ಬುಡಕ್ಕೆ ಹೋಗಿ ಮೂಡಿಗೆರೆ, ಆಲ್ದೂರು, ಚಿಕ್ಕಮಗಳೂರು, ಕಡೂರುಗಳ ನೆಂಟರನ್ನೆಲ್ಲ ಒಂದೇ ದಿನ ವಿಚಾರಿಸಿದರು. ಮನೆಯಲ್ಲಿ ಐದು ಇಂಚಿಗೆ ಮೇಲಿದ್ದದ್ದು ಕರಗುತ್ತ ಕರಗುತ್ತ ಹೋಗಿ ಕಡೂರಿನಲ್ಲಿ ಸೊನ್ನೆಯಾಯಿತು. ಕಡೂರಿನ ಅತ್ತೆ ಆ ಹೊತ್ತು ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದರಂತೆ.

ಇನ್ನು ಸಮೋನ್ನತ ರೇಖೆಗಳ ಪಾಠ. ಹುತ್ತದ ಮಣ್ಣನ್ನು ಕಲಸಿ ಒಂದು ಗುಡ್ಡ ಮಾಡಿ, ಬೋಗುಣಿಯಲ್ಲಿಟ್ಟು, ಬೆರಳಗಲ ಬೆರಳಗಲ ನೀರು ಏರಿಸುತ್ತ, ಪ್ರತಿಸಲವೂ ನೀರು ಮುಟ್ಟಿದ ಅಂಚಿಗೆ ಕಡ್ಡಿಯಿಂದ ಗೆರೆ ಎಳೆದೆವು. ಮೇಲಿನಿಂದ ನೋಡಿದರೆ ಸುತ್ತುಸುತ್ತಿನ ಗೆರೆಗಳು: ಸರ್ವೆಯ ಹಾಳೆಯಲ್ಲಿ ಇಪ್ಪತ್ತು ಇಪ್ಪತ್ತು ಮೀಟರಿಗೆ ಎಳೆದ ಕಂದು ಗೆರೆಗಳಂತೆಯೇ. ಅನಂತರ ತೋಟಕ್ಕೆ ಹೋದೆವು. ಇಳಿಜಾರಿನಲ್ಲಿ ಕಾಫಿಯ ಸಾಲನ್ನು ಗುಡ್ಡಕ್ಕೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ನೆಡುತ್ತಾರೆ. ಆ ಸಾಲಿನಲ್ಲಿ ನಡೆದು ನೋಡಿ ಅಳಿಯ, "ಏದುಸಿರು ಬಾರದ ಗೆರೆ" ಎಂದು ಹೆಸರಿಟ್ಟ. ಪಠ್ಯಪುಸ್ತಕದ ಸಮೋನ್ನತ ರೇಖೆಗಿಂತ ಇದು ನನಗೆ ಹಿಡಿಸಿತು. ಗೆರೆಗಳು ಒತ್ತಾಗಿದ್ದಲ್ಲಿ ಕಡಿದು, ವಿರಳವಾಗಿದ್ದಲ್ಲಿ ಬಯಲು ಎಂದು ವಿವರಿಸುತ್ತಿದ್ದೆ.

ಆಗ ಆ ಹುಡುಗ, ದೊಡ್ಡಮ್ಮನ ಮನೆಯಲ್ಲಿದ್ದವನು, ತಲೆಯೆತ್ತದೆ ಕೇಳಿದ: "ಗೆರೆ ಒತ್ತಾಗಿದ್ದ ಕಡೆ ಮನೆ ಕಟ್ಟಬಾರದಿತ್ತಾ, ಮೇಷ್ಟ್ರೆ?"

ವಾಚಕರಿಗೆ ನೆನಪಿರಬಹುದು. ೨೦೧೯ರ ಆಗಸ್ಟಿನಲ್ಲಿ ಕೆಲವೇ ದಿನಗಳ ಮಳೆಗೆ ಮೂಡಿಗೆರೆ ತಾಲ್ಲೂಕಿನ ಘಟ್ಟದಂಚಿನ ಊರುಗಳಲ್ಲಿ ಗುಡ್ಡಗಳು ಜರಿದವು. ಮಲೆಮನೆ, ಮಧುಗುಂಡಿ ಮೊದಲಾದ ಊರುಗಳ ಹೆಸರು ಪತ್ರಿಕೆಗಳಲ್ಲಿ ಬಂದವು. ಚಾರ್ಮಾಡಿಯ ರಸ್ತೆ ಬಹುಕಾಲ ಮುಚ್ಚಿತ್ತು. ಈ ಹುಡುಗನ ಮನೆ ಹೋದದ್ದು ಅದೇ ವಾರ. ಜನಕ್ಕೆ ಪ್ರಾಣಾಪಾಯವಾಗಲಿಲ್ಲ, ಮನೆ, ಕೊಟ್ಟಿಗೆ, ಗದ್ದೆ ಮೂರೂ ಮಣ್ಣಿನಡಿಗೆ ಸೇರಿದವು.

ನಾನು ತಡವರಿಸಿದೆ. ಕಡಿದೊಂದೇ ಕಾರಣವಲ್ಲ, ಅಷ್ಟು ನೀರನ್ನು ಅಷ್ಟು ಬೇಗ ಕುಡಿದ ಮಣ್ಣು ಭಾರವಾಗಿ ಹಿಡಿತ ತಪ್ಪುತ್ತದೆ. ದಾರಿಗೆಂದೋ ಮನೆಗೆಂದೋ ಧರೆಯ ಬುಡವನ್ನು ಕಡಿದಿದ್ದರೆ, ನೀರಿನ ಹಳೆಯ ಹಾದಿ ಕಟ್ಟಿಹೋಗಿದ್ದರೆ, ಇನ್ನೂ ಬೇಗ. ನಿಮ್ಮ ಅಜ್ಜ ಕಟ್ಟಿದಾಗ ಅದು ಒಳ್ಳೆಯ ಜಾಗವೇ ಆಗಿತ್ತು ಎಂದೆಲ್ಲ ಹೇಳಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಅವನು ಕೇಳಿದ್ದು ಅಜ್ಜನ ಮೇಲೆ ತಪ್ಪು ಹೊರಿಸಬೇಕೆ ಬೇಡವೆ ಎಂಬುದನ್ನು ಎಂದು ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಮುಂದಿನ ವಾರ ಎಲ್ಲರೂ ತಮ್ಮ ತಮ್ಮ ಮನೆಯ ನಕ್ಷೆಯನ್ನು ಬರೆಯಬೇಕೆಂದು ಮೊದಲೇ ಹೇಳಿಬಿಟ್ಟಿದ್ದೆ, ಹಿಂತೆಗೆದುಕೊಳ್ಳುವ ಧೈರ್ಯವಾಗಲಿಲ್ಲ. ಅವನು ದೊಡ್ಡಮ್ಮನ ಮನೆಯನ್ನು ಬರೆಯುತ್ತಾನೆಂದುಕೊಂಡೆ. ಬರೆದು ತಂದದ್ದು ಹೋದ ಮನೆಯನ್ನು. ಪ್ರಮಾಣವಿತ್ತು, ಬಡಗಣದ ಬಾಣವಿತ್ತು, ಹಳ್ಳವಿತ್ತು, ಕೊಟ್ಟಿಗೆ, ಒಲೆಯ ಮನೆ, ಹುಲ್ಲಿನ ಬಣವೆ, ದಾರಿಯ ಪಕ್ಕದಲ್ಲಿ ಒಂದು ನೇರಳೆ ಮರ. ಹಗ್ಗ ಹಿಡಿಯಲು ನೆಲವಿಲ್ಲವಲ್ಲ. ಅಳತೆ ಹೇಗೆ ತೆಗೆದೆ ಎಂದೆ. ಅವನ ಅಪ್ಪ, ಅಮ್ಮ, ದೊಡ್ಡಮ್ಮ ಮೂವರೂ ರಾತ್ರಿ ಕುಳಿತು ಹೆಜ್ಜೆಯ ಲೆಕ್ಕ ಹೇಳಿದರಂತೆ. ಕೊಟ್ಟಿಗೆಯಿಂದ ಬಾವಿಗೆ ಎಷ್ಟು ಹೆಜ್ಜೆಯೆಂಬ ವಿಷಯದಲ್ಲಿ ಅಪ್ಪ ಅಮ್ಮನಿಗೆ ಜಗಳವೇ ಆಯಿತಂತೆ.

"ಇದಕ್ಕೆ ಯಾವ ಗುರುತು ಹಾಕಲಿ?" ಎಂದು ಕೇಳಿದ. ಸರ್ವೆಯ ಹಾಳೆಯ ಸಂಕೇತಗಳ ಪಟ್ಟಿಯಲ್ಲಿ ಹಳ್ಳಿಗೆ ಎರಡು ಗುರುತುಗಳುಂಟು, ಜನವಸತಿಯಿರುವುದು ಮತ್ತು ಜನ ತೊರೆದದ್ದು. ಎರಡನೆಯದನ್ನು ತೋರಿಸಿದೆ. ಅವನು ಅದನ್ನು ಸ್ವಲ್ಪ ಹೊತ್ತು ನೋಡಿ, "ನಾವು ಬಿಟ್ಟು ಬಂದದ್ದಲ್ಲ" ಎಂದು ಹೇಳಿ, ಮನೆಯ ಚೌಕಕ್ಕೆ ಕೆಂಪು ಬಣ್ಣವನ್ನೇ ತುಂಬಿದ. ನಾನು ತಿದ್ದಲಿಲ್ಲ.

ಆಮೇಲೆ ಒಂದು ವರ್ಷದಷ್ಟು ಕಾಲ ಕಳೆದಿರಬೇಕು. ಅವರಿಗೆ ಬೇರೆ ಕಡೆ ನಿವೇಶನ ಸಿಕ್ಕಿತು. ಹೊರಡುವ ಹಿಂದಿನ ದಿನ ಹುಡುಗ ಜಗಲಿಯ ಹತ್ತಿರ ಬಂದು ನಿಂತ. "ಮೇಷ್ಟ್ರೆ, ಆ ಗಂಟಿನ ಹಗ್ಗ ಒಂದು ಸಲ ಬೇಕಿತ್ತು. ಹೊಸ ಜಾಗ ಅಳೆಯಬೇಕು. ಹಳ್ಳ ಎಷ್ಟು ದೂರ ಅಂತ ಅಪ್ಪನಿಗೆ ಹೇಳಬೇಕು" ಎಂದ. ಕೊಟ್ಟೆ. ಹಗ್ಗ ಇನ್ನೂ ಹಿಂದಿರುಗಿ ಬಂದಿಲ್ಲ. ಭಾವನವರು ಅಂಗಳವನ್ನು ಮತ್ತೊಮ್ಮೆ ಅಳೆಸಬೇಕೆಂದು ಹೊಸ ಹಗ್ಗ ತಂದಿಟ್ಟಿದ್ದಾರೆ.